ಮಬ್ಬು ಹಿಡಿದ ಗಿಟಾರು

"ನೀವು ಹೂಂ ಅಂದ್ರೆ ಜಯಣ್ಣನ ಗಿಟಾರು ತೆಗ್ದು, ಆ ಜಾಗದಾಗೆ ನಾನೇ ನುಡಿಸ್ಬುಡ್ತೀನಿ ಅತ್ತಿಗೆ," ಎಂದ ರೇಣುಕಾಪ್ರಸಾದ್. ಮೇಘನಾಳ ಮುಖ ನೋಡಲಿಲ್ಲ, ಕಂಪ್ಯೂಟರಿನ ಕಡೆ ತಿರುಗಿಯೇ ಹೇಳಿದ. "ಸಂಜೆಗೆ ಹಾಡು ಕಳಿಸ್ಲೇಬೇಕು, ಅಣ್ಣನ ಗಿಟಾರು ಮಬ್ಬಾಗೈತೆ. ಅಣ್ಣ ರೆಕಾರ್ಡು ಮಾಡಿದ್ದು ಇದೊಂದೇ ಅಂತ ನಂಗೂ ಗೊತ್ತು. ಕೇಳ್ದೆ ತೆಗೆಯಾಕೆ ಮನ್ಸು ಬರ್ಲಿಲ್ಲ, ಅದಕ್ಕೇ ಬರಾಕೆ ಹೇಳ್ದೆ."

ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರು ನುಡಿಸುತ್ತಿದ್ದ ಜಯಚಂದ್ರ ಈ ಹಾಡಿಗೆ ತನ್ನ ಭಾಗವನ್ನು ಕಲ್ಯಾಣದುರ್ಗದ ಮನೆಯಲ್ಲೇ ನುಡಿಸಿ, ಕಳಿಸಿಕೊಟ್ಟಿದ್ದ. ಯುಗಾದಿಗೆ ಮೊದಲು ಪೆನುಕೊಂಡದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಇವತ್ತು ಅವನ ಹೆಂಡತಿ ಮೇಘನಾಳೂ ತಾಯಿ ಉಡುಸಲಮ್ಮನೂ ಬೆಳಗಿನ ಬಸ್ಸಿಗೆ ಹಿಂದೂಪುರಕ್ಕೆ ಬಂದಿದ್ದರು. ಹುಣಿಸೇಹಣ್ಣಿನ ಮಂಡಿಯ ಮೇಲಿನ ಕೋಣೆಯೇ ರೇಣುಕಾಪ್ರಸಾದನ ರೆಕಾರ್ಡಿಂಗ್ ಸ್ಟುಡಿಯೋ. ಹೊರಗಿನ ಗದ್ದಲ ಒಳಗೆ ಬಾರದಿರಲೆಂದು ಗೋಡೆಗೆಲ್ಲ ಹಳೆಯ ಗೋಣಿಚೀಲ ಬಡಿದಿತ್ತು.

"ಒಂದು ಸಲ ಹಾಕಿ," ಎಂದಳು ಮೇಘನಾ.

ರೇಣುಕಾಪ್ರಸಾದ್ ಹಾಕಿದ. ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಹೊರಬಂದವು. ಎಲ್ಲಿ ಒಂದು ತಂತಿ ನಿಂತು ಎಲ್ಲಿ ಇನ್ನೊಂದು ಶುರುವಾಯಿತೋ ತಿಳಿಯುವಂತಿರಲಿಲ್ಲ. ಅವನು ಕೆಳಗಿನ ಸ್ವರ ತಗ್ಗಿಸಿದ, ಮೇಲಿನದನ್ನು ಏರಿಸಿದ. ಸುಯ್ಯೆನ್ನುವ ಸದ್ದು ಹೆಚ್ಚಿತೇ ಹೊರತು ಮಬ್ಬು ಕರಗಲಿಲ್ಲ.

"ಸಾಕು ಕಣ್ಲಾ, ನಿಲ್ಸು," ಎಂದಳು ಉಡುಸಲಮ್ಮ. "ಹುಣಿಸೇಹಣ್ಣಿನ ಚೀಲಕ್ಕೆ ತುಂಬಿ ಬಾಯಿ ಹೊಲ್ದಂಗೈತೆ. ನನ್ ಮಗ ಹಿಂಗೇನ್ಲಾ ನುಡಿಸ್ತಿದ್ದುದು?"

"ಇಲ್ಲ ದೊಡ್ಡಮ್ಮ. ಅಣ್ಣನ ಕೈ ಬಿದ್ರೆ ಊಟಕ್ಕೆ ಕುಂತೋರು ಎಲೆ ಮರ್ತು ತಿರುಗಿ ನೋಡೋರು."

"ಅದನ್ನ ನೋಡಿ ನಿಂಗೂ ಒಂದಿಷ್ಟು ಹೊಟ್ಟೆಕಿಚ್ಚಿತ್ತು."

"ಇತ್ತು ಕಣಮ್ಮ, ಇಲ್ಲ ಅನ್ನಲ್ಲ. ಅದಕ್ಕೇ ನಾನು ನುಡಿಸ್ತೀನಿ ಅನ್ನಾಕೆ ಹಿಂಜರಿಕೆ ಆಗ್ತೈತೆ." ಅವನು ಮೇಘನಾಳತ್ತ ತಿರುಗಿದ. "ಅತ್ತಿಗೆ, ಮನೆಯಾಗೆ ಅಣ್ಣನ ಹತ್ರ ಯಾವ ಸ್ಪೀಕರ್ ಪೆಟ್ಟಿಗೆ ಇತ್ತು?"

"ಪೆಟ್ಟಿಗೆ ಇರಲಿಲ್ಲ. ಅತ್ತೆ ಮಧ್ಯಾಹ್ನ ಮಲಗ್ತಾರೆ ಅಂತ ಹೆಡ್‌ಫೋನ್ ಹಾಕ್ಕೊಂಡೇ ನುಡಿಸ್ತಿದ್ರು. ಕಾಲಿಂದ ಒತ್ತಿ ಸದ್ದು ಬದಲಿಸೋ ಒಂದು ಪೆಡಲ್, ಅದರಿಂದ ನೇರವಾಗಿ ಕಂಪ್ಯೂಟರಿಗೆ ವೈರು."

"ಹಂಗಾರೆ ನಾನು ಮಾಡಿದ್ದು ಸರಿಯಾಗೇ ಐತೆ." ಅವನು ತೆರೆಯ ಮೇಲೆ ಬೆರಳಿಟ್ಟು ತೋರಿಸಿದ. ವೈರಿನಲ್ಲಿ ನೇರವಾಗಿ ಬರುವ ಗಿಟಾರಿನ ಸದ್ದು ತೆಳು, ಒರಟು. ಸ್ಪೀಕರ್ ಪೆಟ್ಟಿಗೆಯೊಳಗಿಂದ ಹಾದು ಬಂದರೇ ಕಿವಿಗೆ ಹಿತ. ಪೆಟ್ಟಿಗೆ ಇಲ್ಲದಿದ್ದರೆ ಕಂಪ್ಯೂಟರು ತಾನೇ ಪೆಟ್ಟಿಗೆಯ ಹಾಗೆ ನಟಿಸುತ್ತದೆ. ಇಲ್ಲಿಗೆ ಬರುವ ಹುಡುಗರೆಲ್ಲ ಬರೀ ವೈರು ಹಿಡಿದು ಬರುವವರೇ. ಹಾಗಾಗಿ ಯಾರದೇ ಗಿಟಾರು ಬರಲಿ, ಮೊದಲು ಕಂಪ್ಯೂಟರಿನ ಪೆಟ್ಟಿಗೆ ಹಾಕಿ ಆಮೇಲೆ ಕಿವಿಗೊಡುವುದು ಅವನ ರೂಢಿ; ಜಯಚಂದ್ರನ ಗಿಟಾರಿಗೂ ಹಾಗೇ ಹಾಕಿದ್ದ.

ಕೆಳಗೆ ಯಾರೋ ಲಾರಿಯನ್ನು ಹಿಂದಕ್ಕೆ ತೆಗೆಸುತ್ತಿದ್ದರು. ಆ ಸದ್ದು ನಿಂತ ಮೇಲೆ ಮೇಘನಾ ಕೇಳಿದಳು, "ಒಂದು ಸಲ ಆ ಹೆಡ್‌ಫೋನ್ ನನ್ನ ಕಿವಿಗೆ ಇಟ್ಟಿದ್ರು. ತೆಳುವಾಗಿರಲಿಲ್ಲ. ಕಲ್ಯಾಣ ಮಂಟಪದಲ್ಲಿ ದೊಡ್ಡ ಸ್ಪೀಕರಿನ ಮುಂದೆ ನಿಂತ ಹಾಗಿತ್ತು. ಪೆಟ್ಟಿಗೆ ಇಲ್ಲದೆ ಅದು ಹೇಗೆ ಬಂತು?"

ರೇಣುಕಾಪ್ರಸಾದನ ಕೈ ಮೌಸಿನ ಮೇಲೆ ಹಾಗೇ ನಿಂತಿತು.

"ಪೆಡಲ್‌ನಾಗೇ ಈ ನಕಲಿ ಪೆಟ್ಟಿಗೆ ಹಾಕ್ಬುಟ್ಟವ್ನೆ ಅಣ್ಣ," ಎಂದ ಮೆಲ್ಲಗೆ. "ಅದು ರೆಕಾರ್ಡಿನೊಳಗೇ ಬಂದೈತೆ. ಅದರ ಮೇಲೆ ನಾನು ಇನ್ನೊಂದು ಪೆಟ್ಟಿಗೆ ಮುಚ್ಚಿದೀನಿ. ತಪ್ಪು ನಂದೇ ಕಣಮ್ಮ. ಇಷ್ಟು ದಿನ ಅಣ್ಣಂದು ಅಂದ್ಕಂಡಿದ್ದೆ."

"ಬೈಯೋದು ಆಮೇಲಿರ್ಲಿ. ತೆಗಿ ಅದನ್ನ," ಎಂದಳು ಉಡುಸಲಮ್ಮ.

ಅವನು ಕಂಪ್ಯೂಟರಿನ ಪೆಟ್ಟಿಗೆಯನ್ನು ತೆಗೆದು ಮತ್ತೆ ಹಾಡು ಹಾಕಿದ.

ಗಿಟಾರು ಕೋಣೆಯ ನಡುವೆ ಬಂದು ನಿಂತಿತು. ಒಂದೊಂದು ತಂತಿಯೂ ಬೇರೆ ಬೇರೆ. ದಪ್ಪ ತಂತಿಯ ಮೇಲೆ ಬೆರಳು ಜಾರಿದ ಕಿರುಗುಟ್ಟುವಿಕೆ, ಒಂದು ಸ್ವರವನ್ನು ಎಳೆದು ಎಳೆದು ಕೊನೆಗೆ ಬಿಟ್ಟುಕೊಟ್ಟ ರೀತಿ. ಉಡುಸಲಮ್ಮ ಎದ್ದು ನಿಂತಿದ್ದು ಅವಳಿಗೇ ತಿಳಿಯಲಿಲ್ಲ. ಹಾಡು ಮುಗಿದ ಮೇಲೂ ರೇಣುಕಾಪ್ರಸಾದ್ ಸ್ವಲ್ಪ ಹೊತ್ತು ಕೈಕಟ್ಟಿ ಕುಳಿತಿದ್ದ. ದೇವರ ಮುಂದೆ ಕೂಡ ಅವನು ಹಾಗೆ ಕೂರುವವನಲ್ಲ.

"ಇನ್ನು ನಾನ್ಯಾಕೆ ನುಡಿಸ್ಲಿ," ಎಂದ. "ಶುರುವಿನಾಗೆ ಒಂದಿಷ್ಟು ಕರೆಂಟಿನ ಗುಂಯ್ ಸದ್ದೈತೆ, ಅದನ್ನ ಕತ್ತರಿಸಿ ಕಳಿಸ್ಬುಡ್ತೀನಿ."

"ಎಲ್ಲಿ, ಕೇಳಿಸಿ."

ಅವನು ಮೊದಲಿನಿಂದ ಹಾಕಿದ. ಜೀರುಂಡೆಯಂಥ ಸಣ್ಣ ಸದ್ದೊಂದು ಬಿಡದೆ ಬಂತು. ಮೊದಲ ಸ್ವರಕ್ಕೆ ಇನ್ನೇನು ಒಂದು ಕ್ಷಣ ಇದೆ ಎನ್ನುವಾಗ ಪಕ್ಕನೆ ನಿಂತಿತು.

"ಯಾಕೆ ನಿಂತಿತು?" ಎಂದಳು ಮೇಘನಾ.

"ಅದಾ? ಗಿಟಾರು ಸುಮ್ನೆ ಮಡಿಲಾಗಿದ್ರೆ ಗುಂಯ್ ಅಂತಿರ್ತೈತೆ ಅತ್ತಿಗೆ. ತಂತಿ ಮೇಲೆ ಮನುಷ್ಯನ ಕೈ ಬಿತ್ತು ಅಂದ್ರೆ ನಿಲ್ತೈತೆ. ನುಡಿಸೋಕ್ ಮೊದ್ಲು ಅಣ್ಣ ಕೈ ಇಟ್ಟಿರೋದು."

ಕೋಣೆಯಲ್ಲಿ ಹುಣಿಸೆಯ ವಾಸನೆ ಮಾತ್ರ ಓಡಾಡುತ್ತಿತ್ತು. ಉಡುಸಲಮ್ಮ ಸೊಸೆಯ ಕಡೆ ನೋಡಿದಳು. ಸೊಸೆ ಸ್ಪೀಕರಿನ ಕಡೆ ನೋಡುತ್ತಿದ್ದಳು.

"ಕತ್ತರಿಸಬೇಡಿ," ಎಂದಳು ಮೇಘನಾ. "ಇನ್ನೊಂದು ಸಲ ಹಾಕಿ."

ಸದ್ದು ಮತ್ತೆ ಶುರುವಾಯಿತು. ಮೂವರೂ ಕಾದರು. ಜಯಚಂದ್ರ ತಂತಿಯ ಮೇಲೆ ಕೈ ಇಟ್ಟ.