ಕಟ್ ಮಾಡಿದ ಹನ್ನೊಂದು ಕರೆ

ಸಾಯುವ ದಿನ ಮಹಾಮಾಯಾಳ ಫೋನಿಗೆ ರಿಚಾರ್ಜ್ ಇರಲಿಲ್ಲ. ಭಾಲ್ಕಿಯ ಬಾಡಿಗೆ ಮನೆಯಲ್ಲಿ ವೈಫೈ ಒಂದಿತ್ತು. ಎಂಟು ತಿಂಗಳ ಬಸುರಿ, ಬಚ್ಚಲಲ್ಲಿ ಜಾರಿ ಬಿದ್ದವಳು, ರಕ್ತ ಹರಿಯುತ್ತಿರುವಾಗಲೇ ಹಾಸಿಗೆಯ ತನಕ ತೆವಳಿ ಬಂದು ವಾಟ್ಸಾಪಿನಲ್ಲಿ ಕರೆ ಮಾಡಿದ್ದಳು. ಗಂಡ ಕಾಶೀರಾಮ ಲಾರಿಯಲ್ಲಿ ಲಾತೂರಿನ ದಾರಿ ಹಿಡಿದಿದ್ದ. ಅವನಿಗೆ ಫೋನು ಹತ್ತಲಿಲ್ಲ. ಅಣ್ಣ ನಾಗಸೇನ ಬೀದರಿನಲ್ಲಿ ಶಾಲಾ ಮಾಸ್ತರ, ಪರೀಕ್ಷೆಯ ಕೋಣೆಯಲ್ಲಿದ್ದ. ಅವನ ಫೋನು ಆಫೀಸಿನ ಕಪಾಟಿನಲ್ಲಿತ್ತು. ಆಮೇಲೆ ಹತ್ತರಿಂದ ಹನ್ನೊಂದರೊಳಗೆ ಅವಳು ತಾಯಿಗೆ ಹನ್ನೊಂದು ಸಲ ಮಾಡಿದ್ದಳು.

ಮೆಹಕರದ ತವರು ಮನೆಯಲ್ಲಿ ತಾಯಿ ಸುಭದ್ರಾಬಾಯಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಫೋನು ಮೊಣಕಾಲ ಪಕ್ಕದಲ್ಲೇ ಇತ್ತು. ಹನ್ನೊಂದು ಸಲವೂ ಕೈಯಾರೆ ಕಟ್ ಮಾಡಿದ್ದಳು.

ಅವಳು ಒಂದೇ ಒಂದು ಕರೆ ಎತ್ತಿದ್ದರೂ ಸಾಕಿತ್ತು. ಕಾಶೀರಾಮನ ಗೆಳೆಯ ಅಯ್ಯುಬನ ಆಟೊ ಮಹಾಮಾಯಾಳ ಓಣಿಯಲ್ಲೇ ನಿಂತಿತ್ತು. ಮೆಹಕರದಿಂದ ಯಾರಾದರೂ ಅವನಿಗೊಂದು ಮಾತು ಮುಟ್ಟಿಸಿದ್ದರೆ ಆಗುತ್ತಿತ್ತು. ಹನ್ನೆರಡೂವರೆಗೆ ನೀರಿನ ಕ್ಯಾನ್ ಇಳಿಸಲು ಬಂದ ಅಯ್ಯುಬನೇ ಕಿಟಕಿಯಿಂದ ಕಂಡು, ಬಾಗಿಲು ಮುರಿದು, ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಒಂದು ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿ ಒಳಗೆ ಹೋದರು.

ಮೂರನೆಯ ದಿನ ಬುದ್ಧವಂದನೆ ಮುಗಿದು ಜನ ಚದುರಿದ ಮೇಲೆ ನಾಗಸೇನ ತಾಯಿಯ ಫೋನು ತೆಗೆದು ನೋಡಿದ. ಆ ಹನ್ನೊಂದು ಸಾಲು ಕಂಡದ್ದು ಆಗ. ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಚಿಕ್ಕವ್ವ ಸುಂದರಬಾಯಿಯನ್ನು ಮಾತ್ರ ಹಿತ್ತಲಿಗೆ ಕರೆದು, ಅವ್ವನಿಗೂ ತಂಗಿಗೂ ನಡುವೆ ಏನಾಗಿತ್ತು ಎಂದು ಕೇಳಿದ.

ಸುಂದರಬಾಯಿ ಸುತ್ತಿ ಬಳಸಿ ಮಾತಾಡುವವಳಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಾ ಎಂದರೆ ಮಹಾಮಾಯಾ ಬರಲಿಲ್ಲ. ಭಾಲ್ಕಿಯಲ್ಲೇ ದವಾಖಾನೆ ಹತ್ತಿರ ಅಂದಳು. ಅಕ್ಕ ಆಗ ಮುಖ ಊದಿಸಿಕೊಂಡದ್ದು, ಇಳಿಯಲೇ ಇಲ್ಲ.

"ನಿಮ್ಮವ್ವನ ಜಿದ್ದು ನಿನಗ ಗೊತ್ತಿಲ್ಲೇನು?" ಎಂದಳು. "ದಿನಾ ಸಂಜಿ ಮಗಳಿಗೆ ವಿಡಿಯೊ ಹಚ್ಚಾಕಿ. ಒಂದು ತಿಂಗಳಾತು, ಒಂದು ಸಲಾನೂ ಹಚ್ಚಿಲ್ಲ. ನಾ ಕೇಳಿದರ, ಆಕಿಗೆ ಬ್ಯಾಡಾದರ ನನಗೂ ಬ್ಯಾಡ ಅಂದಳು."

ಇದು ಹೊಸ ಸುದ್ದಿಯೇನೂ ಅಲ್ಲ. ತಂಗಿಯೂ ಹದಿನೈದು ದಿನದ ಹಿಂದೆ ಅವನಿಗೆ ಇದನ್ನೇ ಹೇಳಿದ್ದಳು. ಅವ್ವ ಸಿಟ್ಟಾಗಿದ್ದಾಳೆ, ತಾನು ಹಚ್ಚಿದರೂ ಕಟ್ ಮಾಡುತ್ತಾಳೆ ಎಂದಿದ್ದಳು. ಕೂಸಿನ ಮಾರಿ ನೋಡಿದರೆ ತಾನೇ ತಣ್ಣಗಾಗುತ್ತಾಳೆ ಬಿಡು ಎಂದು ಇವನು ನಕ್ಕಿದ್ದ.

ಮನೆಯಲ್ಲಿ ಫೋನಿನ ವಿಷಯಕ್ಕೆ ನಾಗಸೇನನದೇ ಕೊನೆಯ ಮಾತು. ಪೇಪರಿನಲ್ಲಿ ಬಂದ ಮೋಸದ ಸುದ್ದಿಯನ್ನೆಲ್ಲ ಕುಟುಂಬದ ಗ್ರೂಪಿಗೆ ಹಾಕುತ್ತಿದ್ದ. ಲೊಕೇಶನ್ ಬಂದ್ ಇಡಿ. ಕಂಡ ಕಂಡ ಆಪಿಗೆ ಮೈಕ್ ಕೊಡಬೇಡಿ. ಪೊಲೀಸರ ವೇಷದಲ್ಲಿ ಹೆದರಿಸುವವರಿದ್ದಾರೆ, ಗೊತ್ತಿಲ್ಲದವರ ಫೋನು ಎತ್ತಬೇಡಿ. ಹೆಣ್ಣುಮಕ್ಕಳು ಪ್ರೊಫೈಲಿನ ಫೋಟೊ ತೆಗೆದುಬಿಡಿ, ಕದ್ದು ಏನೇನೋ ಮಾಡುತ್ತಾರೆ. ಮಹಾಮಾಯಾ ಮಾತ್ರ ಎದುರಾಡುತ್ತಿದ್ದಳು: "ನನ್ನ ಮಾರಿ ಕದ್ದು ಏನ ಮಾಡ್ತಾರಣ್ಣಾ, ಹೊಲದಾಗ ಬೆದರಗೊಂಬಿ ನಿಲ್ಲಸ್ತಾರೇನು?" ಎದುರಾಡಿದರೂ ಹೇಳಿದ್ದನ್ನು ಮಾಡುತ್ತಿದ್ದಳು. ರಿಚಾರ್ಜ್ ಇಲ್ಲದ ಫೋನಿನಿಂದಲೂ 112ಕ್ಕೆ ಕರೆ ಹೋಗುತ್ತದೆ ಎಂಬುದೊಂದನ್ನು ಅವನು ಹೇಳಿರಲಿಲ್ಲ.

ಸುಭದ್ರಾಬಾಯಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಮೂರು ದಿನದಿಂದ ಚಹಾ ಬಿಟ್ಟು ಏನೂ ಮುಟ್ಟಿರಲಿಲ್ಲ. ನಾಗಸೇನ ಎದುರಿಗೆ ಕೂತ. ಕಟ್ ಮಾಡಿದೆಯಾ ಎಂದದ್ದಕ್ಕೆ ತಾಯಿ ಹೂಂ ಅಂದರೆ ತಾನು ಈ ಮನೆಯ ಹೊಸ್ತಿಲು ಮತ್ತೆ ತುಳಿಯಬಾರದು ಎಂದು ಹಿತ್ತಲಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದ.

"ಯವ್ವಾ, ಆ ದಿನ ಫೋನು ಬಂದಿದ್ದು ನಿನಗ ಗೊತ್ತಿತ್ತಿಲ್ಲೊ?"

"ಬಂದಿತ್ತು."

"ಎಷ್ಟು ಸಲ?"

"ಭಾಳ ಸಲ ಬಂತು. ಬಡಕೊಂಡಂಗ ಬಡಕೊಳ್ಳಾಕತ್ತಿತ್ತು."

"ಮತ್ತ ಕಟ್ ಮಾಡಿದಿ?"

"ಮಾಡಿದೆ."

ಅವಳು ಕಣ್ಣು ತಗ್ಗಿಸಲಿಲ್ಲ. ಅದೇ ಅವನನ್ನು ಕೆರಳಿಸಿತು. ಸಿಟ್ಟಿಗೆ ನಿನ್ನ ಮಗಳನ್ನು ನೀನೇ ಕೊಂದೆ ಎಂದ. ಹೊರಗೆ ಪಾತ್ರೆ ತಿಕ್ಕುತ್ತಿದ್ದ ಸುಂದರಬಾಯಿಯ ಕೈ ನಿಂತಿತು. ನಾಗಸೇನ ಫೋನನ್ನು ತಾಯಿಯ ಮುಖಕ್ಕೆ ಹಿಡಿದು, ಮಹಾಮಾಯಾ ಎಂದು ಹನ್ನೊಂದು ಸಲ ಬರೆದಿದೆ, ನೋಡು ಎಂದ.

ಸುಭದ್ರಾಬಾಯಿ ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಪರದೆಯ ಮೇಲೆ ಹೆಬ್ಬೆರಳಾಡಿಸಿದಳು. ಹೆಸರಿನ ಮೇಲಲ್ಲ, ಪಕ್ಕದ ಬೂದು ಬಣ್ಣದ ಖಾಲಿ ವೃತ್ತದ ಮೇಲೆ.

"ಆಕಿ ಇಲ್ಲೆಲ್ಲಿ ಅದಾಳಪಾ?" ಎಂದಳು. "ಹಸರು ಸೀರಿದು ಆಕಿ ಮಾರಿ ಇತ್ತು, ಅದನ್ನ ಒತ್ತತಿದ್ದೆ. ಒಂದು ತಿಂಗಳಾತು, ಅದು ಇಲ್ಲ. ಸಿಟ್ಟಿಲೆ ನನ್ನ ಫೋನ್ನಿಂದ ಹೋಗಿಬಿಟ್ಟಾಳ ಅನ್ಕೊಂಡೆ. ಅವತ್ತ ಮಾರಿ ಇಲ್ಲದವರು ಯಾರೋ ಹಚ್ಚಿದ್ರು. ಎತ್ತಬ್ಯಾಡ ಅಂತ ನೀನೇ ಹೇಳಿದ್ದೆಲ್ಲೊ."

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಮಹಿಳಾ ಸಂಘದಲ್ಲಿ ಸಹಿಯೊಂದನ್ನು ಗೀಚಲು ಕಲಿತವಳು. ಇದು ನಾಗಸೇನನಿಗೆ ಹುಟ್ಟಿದಾಗಿನಿಂದ ಗೊತ್ತು. ಅವಳು ಫೋನು ಹಿಡಿಯುವ ಚುರುಕು ನೋಡಿ ಮರೆತಿದ್ದ, ಅಷ್ಟೆ.

ಹೋದದ್ದು ಒಬ್ಬ ತಂಗಿ, ಹೆಸರಿಡದ ಒಂದು ಕೂಸು, ಮತ್ತು ಅದಕ್ಕೆ ಮೊದಲು ತಾಯಿ ಮಗಳು ಆಡದೆ ಬಿಟ್ಟ ಇಪ್ಪತ್ತೊಂಬತ್ತು ದಿನದ ಮಾತು.