ಒಂದು ತಲೆಯ ಕಾವು

ಗ್ಯಾಸ್ ಸಿಲಿಂಡರುಗಳನ್ನು ವಾಪಸು ಪಡೆದು ಸರ್ಕಾರ ಮನೆಮನೆಗೂ ಪುಕ್ಕಟೆ ಕೊಟ್ಟ ಕರೆಂಟ್ ಒಲೆಗೆ ತಲೆ ಎಣಿಸಲು ಬರುತ್ತಿತ್ತು. ಬಡವ ಬಲ್ಲಿದ ಎನ್ನದೆ, ಅಡುಗೆಮನೆಯಲ್ಲಿ ಎಷ್ಟು ಜನರಿದ್ದರೆ ಅಷ್ಟು ಪಾಲು ಕಾವು. ನೀಲವ್ವನ ಮನೆಯಲ್ಲಿದ್ದದ್ದು ಒಂದೇ ತಲೆ. ಹಾಲು ಬೆಚ್ಚಗಾಗುತ್ತಿತ್ತು, ಉಕ್ಕುತ್ತಿರಲಿಲ್ಲ.

ಒಲೆ ಕೆಟ್ಟಿದೆಯೆಂದು ಅವಳು ಮತ್ತೆ ಫೋನು ಮಾಡಿದ್ದಳು. ರಿಪೇರಿಯ ದಾವಲಸಾಬ ಬಂದು ಒಲೆಯ ಪಕ್ಕ ನಿಂತ. ಈಗ ತಲೆ ಎರಡಾದವು; ಹಾಲು ನೊರೆಯೆದ್ದು ಪಾತ್ರೆಯ ಅಂಚಿಗೆ ಬಂತು.

"ಒಲಿ ಚಲೋ ಐತಲ್ರೀ ಅವ್ವಾರ! ಹೋದ ವಾರನೂ ಹಿಂಗ ಆತು."

"ನೀ ಬಂದಾಗ ಚಲೋನ ಇರತೈತಿ."

"ನೀವು ಒಬ್ರ ಇರ್ತೀರಿ, ಅದಕ್ಕ. ಎಲ್ಲಾರಿಗೂ ಸಮ ಸಿಗಲಿ ಅಂತ ಹಂಗ ಮಾಡ್ಯಾರ."

"ಗ್ಯಾಸಿಗೆ ತಲಿ ಎಣಿಸಾಕ ಬರ್ತಿದ್ದಿಲ್ಲ ನೋಡು," ಎಂದು ನೀಲವ್ವ ಸಿಡುಕಿದಳು. "ಚಾ ಮಾಡ್ತೀನಿ, ಕುಡದು ಹೋಗು."

"ಇನ್ನೂ ಬಾಳ ಮನಿ ಅದಾವ್ರೀ."

ಅವನು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದ. ಅಂಚಿಗೆ ಬಂದಿದ್ದ ಹಾಲು ಮೆಲ್ಲಗೆ ಕೆಳಗಿಳಿಯಿತು. ನೀಲವ್ವ ಕಿಟಕಿಗೆ ಬಂದು ಕೂಗಿದಳು:

"ತಮ್ಮಾ, ನಾಳೆ ಮತ್ತ ಕೆಡತೈತಿ ಇದು!"