ಜೋಡಿಗೊಂದು ಹೆಸರು

"ನಲವತ್ಮೂರು," ಎಂದಳು ವೇದಶ್ರೀ, ಹೊರಸಿನಿಂದ ಏಳದೆಯೇ.

ಖಾಜಾಮಿಯಾ ಬೀಡಿ ಕೆಳಗಿಟ್ಟ. ಮಾನ್ವಿ ದಾರಿಯಲ್ಲಿ, ಕಲ್ಲೂರಿನ ಆಚೆ ಅವನ ಇಟ್ಟಿಗೆ ಭಟ್ಟಿ. ಕೂಲಿಯವರಿಗೆ ಏನಾದರೂ ಆದರೆ ಪರಿಹಾರ ಕೊಡುವ ವಿಮೆಗೆ ಈ ವರ್ಷ ಎಷ್ಟು ಕಟ್ಟಬೇಕೆಂದು ಅಂದಾಜು ಮಾಡಲು ರಾಯಚೂರಿನಿಂದ ಏಜೆಂಟ್ ಹುಡುಗಿ ಬಂದಿದ್ದಳು. ಅವನ ಪಟ್ಟಿಯಲ್ಲಿದ್ದದ್ದು ಇಪ್ಪತ್ತೆರಡೇ ಹೆಸರು. ಎಲ್ಲ ಗಂಡಸರದು.

"ಗಂಡ ಹೆಂಡ್ತಿ ಕೂಡೇ ಇಟ್ಟಂಗಿ ಹೊಡೀತಾರ, ಕೂಡೇ ಪಗಾರ ತಗೋತಾರ. ಜೋಡಿಗೆ ಒಂದ ಹೆಸರು ಬಾಯಾರ. ದೇವದುರ್ಗದಾಗೂ ಇದ ಪದ್ಧತಿ ಅದ."

"ಮಣ್ಣು ಕಲಸೋರು ಯಾರ್ರಿ?"

ಅವಳು ತಲೆಗಿಷ್ಟು ಕೂಲಿ ಹಿಡಿದು, ಭಟ್ಟಿ ಕೆಲಸದ ಅಪಾಯದ ದರ ಹಾಕಿ, ಕಾಗದ ಅವನತ್ತ ತಿರುಗಿಸಿದಳು. ಹೆಚ್ಚೂಕಡಿಮೆ ದುಪ್ಪಟ್ಟು.

ಕಮಿಷನ್ನಿನ ಆಸೆ, ಅಂದುಕೊಂಡ ಖಾಜಾಮಿಯಾ. ಭಟ್ಟಿಯ ಹೊಗೆಗೆ ಹೇಳುವವನಂತೆ ಹೇಳಿದ:

"ಹೋದ ವರ್ಷ ಪಟ್ಟಿ ಬರದವರು ಶ್ಯಾಣ್ಯಾ ಇದ್ರು. ಅರ್ಧ ತಾಸಿನ್ಯಾಗ ಮುಗಿಸಿ ಹೋದ್ರು."

"ಶ್ಯಾಣ್ಯಾ ಇರಲಿಲ್ಲರಿ," ಎಂದಳು ವೇದಶ್ರೀ. "ಅವಸರ ಇತ್ತು."

ಅವಳ ಚಹಾ ಆರಿ ಕೆನೆಗಟ್ಟಿತ್ತು. ಹಸಿ ಇಟ್ಟಿಗೆಯ ಒಟ್ಟಿಲಿಗೆ ಬೆನ್ನು ಮಾಡಿ ಕುಳಿತಿದ್ದಳು. ಬಂದಾಗಿನಿಂದ ಒಮ್ಮೆಯೂ ಅತ್ತ ತಿರುಗಿರಲಿಲ್ಲ. ಮಾಘದಲ್ಲಿ ಆ ಒಟ್ಟಿಲು ಕುಸಿದು ತಾಯಣ್ಣನ ಹೆಂಡತಿ ಅಂಬಿಕಾ ಸತ್ತಿದ್ದಳು. ಪಟ್ಟಿಯಲ್ಲಿ ತಾಯಣ್ಣನಿದ್ದ, ಅವಳಿರಲಿಲ್ಲ. ವಿಮೆಯಿಂದ ಪೈಸೆ ಬರಲಿಲ್ಲ. ಅಜ್ಜಿಯ ಕಥೆಯಲ್ಲಿ ಏಳು ಸಮುದ್ರದಾಚೆಯ ಗಿಣಿಯೊಳಗೆ ರಾಕ್ಷಸನ ಜೀವವಿರುತ್ತಿತ್ತು. ಇಲ್ಲಿ ಕೂಲಿಯವರ ಜೀವ ಕಾಗದದ ಒಂದು ಸಾಲಿನೊಳಗಿತ್ತು.

ಇಷ್ಟು ಕಟ್ಟಿದರೆ ಭಟ್ಟಿ ಆರಿಸಬೇಕಾಗುತ್ತದೆ ಎಂದ ಖಾಜಾಮಿಯಾ. ವೇದಶ್ರೀ ಚೀಲ ಹೆಗಲಿಗೆ ಹಾಕಿ ಎದ್ದಳು.

"ಹಂಗಾರ ಬ್ಯಾರೇದವರ ಕಡಿಂದ ಬರಸ್ರಿ. ಇಪ್ಪತ್ತೆರಡ ಹೆಸರು ನಾ ಬರಿಯಂಗಿಲ್ಲ."

ಆಗ, ತುಸು ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ತಾಯಣ್ಣ ಎದ್ದು ಬಂದ. ಮೊಣಕೈತನಕ ಕೆಸರು. ಈಗ ಕಲಸುವುದೂ ಅವನೇ, ಹೊಡೆಯುವುದೂ ಅವನೇ.

"ಮಾಘದಾಗ ನಿಮಗ ನಾ ಏನೂ ಕೇಳಲಿಲ್ಲರಿ ಸಾಹೇಬ್ರ. ಈಗ ಕೇಳಾಕತ್ತೀನಿ. ಹೆಣ್ಮಕ್ಕಳನ್ನ ಬರಸ್ರಿ."

ಖಾಜಾಮಿಯಾ ಟೋಪಿ ತೆಗೆದ. ಹಣೆ ಒರೆಸಿದ. ಮತ್ತೆ ಹಾಕಿಕೊಂಡ.

"ಬರಕೊಳ್ರಿ," ಎಂದ.

ಹೆಂಗಸರು ಸೆರಗಿಗೆ ಕೈ ಒರೆಸುತ್ತ ಸಾಲು ಹಿಡಿದರು. ಗುಲ್ಫಶಾ ತನ್ನ ಹೆಸರನ್ನು ಎರಡು ಸಲ ಹೇಳಿ, ಬರೆದದ್ದಕ್ಕೆ ಬೆರಳಿಟ್ಟು ನೋಡಿದಳು. ಒಬ್ಬ ಮುದುಕಿ ತುಸು ಯೋಚಿಸಬೇಕಾಯಿತು. ಅವಳನ್ನು ಹೆಸರು ಹಿಡಿದು ಯಾರೂ ಕೂಗದೆ ಬಹಳ ವರ್ಷವಾಗಿತ್ತು. ಸುತ್ತಲಿನವರು ನಕ್ಕರು, ಅವಳೂ ನಕ್ಕಳು. ಗಂಡ ಹೆಂಡತಿ ಎಲ್ಲರೂ ಜೋಡಿಜೋಡಿಯಾಗಿ ಹೆಬ್ಬೆಟ್ಟೊತ್ತಿ ಹೋದರು.

ಕೊನೆಗೆ ತಾಯಣ್ಣ. ಒಬ್ಬನೇ.

ವೇದಶ್ರೀ ಅವನ ಹೆಸರು ಬರೆದಳು. ಕೆಳಗಿನ ಸಾಲಿನಲ್ಲಿ ಪೆನ್ನು ನಿಂತಿತು. ಅಲ್ಲೇ ನಿಂತೇ ಇತ್ತು, ಶಾಯಿ ಹರಡಿ ಚುಕ್ಕೆಯಾಗುವತನಕ. ತಾಯಣ್ಣ ಹೆಬ್ಬೆಟ್ಟೊತ್ತಿ, ಬೆರಳು ಒರೆಸಿಕೊಳ್ಳುತ್ತ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದ:

"ಹೋದ ವರ್ಷ ಆಕಿ ಇಲ್ಲೇ ನಿಂತು ಕೇಳಿದ್ಳಲ್ರೀ ಅಕ್ಕಾರ, ನನ್ನ ಹೆಸರು ಬ್ಯಾಡೇನು ಅಂತ. ನೀವು, ಬಸ್ ಬಂತು ಅಂದ್ರಿ."